ಮಿಣುಕಿಯ ಸುತ್ತು

ಇದು ಶುರುವಾದದ್ದು ಮಾಗಿಯ ಕೊನೆಗೆ, ಕೋಳಿ ಕೂಗಿ ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ. ಆ ವರ್ಷದ ಮಳೆ ಬಿದ್ದು ಒಂಬತ್ತು ದಿನವಾಗಿತ್ತು. ನಮ್ಮೂರಿಗೆ ವರ್ಷಕ್ಕೆ ಒಂದೇ ಮಳೆ. ಅದೂ ಅವಸರದ ನೆಂಟನ ಹಾಗೆ, ಕಾಲಿಗೆ ನೀರು ಕೊಡುವಷ್ಟರಲ್ಲಿ ಹೊರಟೆ ಅನ್ನುತ್ತದೆ. ಅದು ಹೋದ ಎಂಟನೆಯ ದಿನದಿಂದ ಮರಳಿನಲ್ಲಿ ಮಿಣುಕಿ ಏಳತೊಡಗುತ್ತದೆ. ನಾನು ಹೆಗಲಿಗೆ ಕಲ್ಲಿನ ಜೋಳಿಗೆ ಹಾಕಿಕೊಂಡು, ಸೊಂಟ ಬಗ್ಗಿಸಿ, ಮೂಗಿನಿಂದಲೇ ನೆಲ ಉಳುವವನ ಹಾಗೆ ಊರು ಸುತ್ತುತ್ತಿದ್ದೆ.

ಮಿಣುಕಿ ಅಂಗೈಯಗಲದ ಗಿಡ. ಕೆಂಪು ದಾರದಂಥ ಕಡ್ಡಿ ಒಂದು ಎರಡಾಗಿ, ಎರಡು ನಾಲ್ಕಾಗಿ ಕವಲೊಡೆದು ಮರಳಿಗೆ ಮೈ ಹಚ್ಚಿ ಮಲಗಿರುತ್ತದೆ. ತುದಿಗೆ ಸಾಸಿವೆ ಕಾಳಿನಷ್ಟು ಹೂ. ಹುಟ್ಟುವಾಗ ಬಿಳಿ, ನಾಲ್ಕು ದಿನಕ್ಕೆ ಗುಲಾಬಿ, ಮುಪ್ಪಿಗೆ ತುಕ್ಕಿನ ಬಣ್ಣ. ಪರಊರಿನವರು ಕಂಡರೆ ಹೂವೆನ್ನುವುದಿಲ್ಲ, ಯಾರದೋ ಸೆರಗಿನ ಎಳೆ ಬಿದ್ದಿದೆ ಅನ್ನುತ್ತಾರೆ. ಹುಟ್ಟಿ, ಹೂಬಿಟ್ಟು, ಬೀಜ ಉದುರಿಸಿ ಸಾಯುವುದಕ್ಕೆ ಅದಕ್ಕೆ ನಲವತ್ತು ದಿನ ಸಾಕು. ಆ ನಲವತ್ತು ದಿನ ಅದರ ಸುತ್ತಲಿನ ಎರಡು ಮೊಳ ನೆಲ ಅದರದು. ಅಲ್ಲಿ ಯಾರೂ ಕಾಲಿಡುವಂತಿಲ್ಲ. ಅದು ಎಲ್ಲಿ ಎದ್ದರೂ ನಾನು ಹೋಗಿ ಹನ್ನೊಂದು ಕಲ್ಲಿನ ಸುತ್ತು ಇಡಬೇಕು. ಸುತ್ತು ಬಿದ್ದ ಮೇಲೆ ಗೌಡನಿಗೂ ಅದೇ, ಕತ್ತೆಗೂ ಅದೇ.

ಹಾಗಾಗಿ ನಮ್ಮೂರಲ್ಲಿ ಪ್ರತಿ ಮನೆಗೂ ನಾಲ್ಕು ಬಾಗಿಲು. ಒಂದು ಮುಚ್ಚಿದರೆ ಇನ್ನೊಂದು. ಒಂದು ವರ್ಷ ಬಾವಿಯ ದಾರಿಯಲ್ಲೇ ಮಿಣುಕಿ ಎದ್ದು, ಪಕ್ಕದ ಮನೆಯ ಮಾಳಿಗೆ ಹತ್ತಿ, ಅಲ್ಲಿಂದ ಉದ್ದ ಹಗ್ಗ ಬಿಟ್ಟು ನೀರು ಸೇದಿದೆವು. ಇನ್ನೊಂದು ವರ್ಷ ಮದುಮಗನಿಗೂ ಮದುಮಗಳಿಗೂ ನಡುವೆ ಎದ್ದು, ತಾಳಿಯನ್ನು ಕೋಲಿನ ತುದಿಗೆ ಸಿಕ್ಕಿಸಿ ದಾಟಿಸಬೇಕಾಯಿತು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರಿಗೆ ಒಂದೇ ಬಾಗಿಲು ಉಳಿದು, ಇಪ್ಪತ್ತನೆಯ ದಿನಕ್ಕೆ "ಸರಿ ಅತ್ತಾಗ" ಅನ್ನುವ ಮೂಲಕ ಮಾತು ಮರಳಿತು. ಅಂಗಳದಲ್ಲಿ ಮಲಗಿದ್ದ ಒಬ್ಬ ಸೋಮಾರಿಯ ಮಂಚದ ನಾಲ್ಕು ಕಡೆಗೂ ಎದ್ದು, ಅವನಿಗೆ ನಲವತ್ತು ದಿನ ಕೋಲಿನಲ್ಲಿ ರೊಟ್ಟಿ ಕೊಟ್ಟೆವು. ಅವನು ಈಗಲೂ ಪ್ರತಿ ಮಳೆಗೆ ಮಂಚ ಅಂಗಳಕ್ಕೆ ತರುತ್ತಾನೆ.

ಸುತ್ತು ಇಡುವ ಕೆಲಸ ನಮ್ಮಪ್ಪನದು, ಅವನಿಂದ ನನ್ನದು. ನನಗೆ ಎರಡನೆಯ ಇಯತ್ತೆಯಿಂದಾಚೆ ಸಾಲಿ ಹತ್ತಲಿಲ್ಲ, ನೇಗಿಲು ಹತ್ತಲಿಲ್ಲ, ಹೆಂಡತಿ ಬಂದವಳು ಮೂರು ವರ್ಷ ಇದ್ದು ತೀರಿಕೊಂಡಳು. ಹತ್ತಿದ್ದು ಇದೊಂದೇ. "ಲಗಮಪ್ಪ ಕಲ್ಲಿಟ್ಟ" ಅಂದರೆ ಊರು ಸುಮ್ಮನೆ ಸುತ್ತು ಬಳಸಿ ಹೋಗುತ್ತಿತ್ತು. ಆ ಬಳಸುವುದನ್ನು ಕಟ್ಟೆಯ ಮೇಲೆ ಕುಳಿತು ನೋಡುವುದೇ ನನ್ನ ದೊಡ್ಡಸ್ತಿಕೆ. ಆದರೆ ಅರವತ್ತು ದಾಟಿದ ಮೇಲೆ ಕಣ್ಣಿಗೆ ಮಂಜು ಕಟ್ಟತೊಡಗಿತು. ಇದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಕುರುಡನಾಗುವವನಿಗೆ ಮೊದಲು ಕಾಣದೆ ಹೋಗುವುದು ತನ್ನ ಕುರುಡೇ.

ಊರಿಂದ ಹೊರಗೆ ಹೋಗಲು ಇರುವುದು ಒಂದೇ ದಾರಿ. ಎರಡು ಬಂಡೆಗಳ ನಡುವಿನ ಸಂದು, ಹೇರು ಹೊತ್ತ ಕತ್ತೆಯೊಂದು, ಪಕ್ಕಕ್ಕೆ ಒಬ್ಬ ಮನುಷ್ಯ, ಅಷ್ಟೇ ಅಗಲ. ಉಳಿದ ಮೂರು ದಿಕ್ಕಿಗೆ ಮರಳು. ಅತ್ತ ಹೋದವರಿದ್ದಾರೆ, ಬಂದವರ ಸುದ್ದಿ ಇಲ್ಲ. ಆ ಸೋಮವಾರದ ನಸುಕಿನಲ್ಲಿ ಸಂದಿನ ಎಡಬದಿಯ ಮರಳಿನಲ್ಲಿ ನನಗೆ ಕೆಂಪು ಎಳೆ ಕಂಡಿತು. ಸುತ್ತಿಕೊಂಡು ಮಲಗಿತ್ತು. ಮಿಣುಕಿ ಅಂದೆ. ಹನ್ನೊಂದು ಕಲ್ಲು ಇಟ್ಟೆ. ಎರಡು ಮೊಳದ ಸುತ್ತು ಸಂದನ್ನು ಪೂರ್ತಿ ನುಂಗಿಬಿಟ್ಟಿತು.

ಇಟ್ಟು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಹಿಂದೆ ಕತ್ತೆಯ ಗಂಟೆ ಕೇಳಿಸಿತು. ಕಲಾಯಿಯ ದಾವಲಬಿ. ವರ್ಷಕ್ಕೊಮ್ಮೆ ಒಲೆ ಊದುವ ತಿದಿ, ತವರ, ನವಸಾಗರದ ಪುಡಿ ಕತ್ತೆಯ ಮೇಲೆ ಹೇರಿಕೊಂಡು ಬಂದು, ಊರ ತಾಮ್ರದ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿ ಹೋಗುವವಳು. ಗಂಡ ಇದ್ದಾಗ ಇಬ್ಬರೂ ಬರುತ್ತಿದ್ದರು, ಆರು ವರ್ಷದಿಂದ ಒಬ್ಬಳೇ. ವಯಸ್ಸು ಐವತ್ತೈದರ ಮೇಲೆ. ಕೈಯೆಲ್ಲ ಮಸಿ, ನಕ್ಕರೆ ಮಾತ್ರ ಕಲಾಯಿ ಹಾಕಿದ ಬೋಗುಣಿ. ಈ ಹೋಲಿಕೆಯನ್ನು ನಾನು ಆರು ವರ್ಷದಿಂದ ಒಳಗೇ ತಿಕ್ಕಿ ಬೆಳಗುತ್ತಿದ್ದೆ, ಹೊರಗೆ ತೆಗೆದಿರಲಿಲ್ಲ. ತೆಗೆದರೂ ಏನು? ಅವಳು ನನ್ನನ್ನು ಕರೆಯುತ್ತಿದ್ದದ್ದು ಅಣ್ಣಾ ಅಂತ.

"ಏನಣ್ಣಾ, ನಾ ಹೊಂಟೇನಂತ ಗೊತ್ತಾಗಿ ಕದಾ ಹಾಕಿದ್ಯೇನು?" ಅಂದಳು. ನಗುತ್ತಲೇ ಅಂದಳು. ನಗು ಬೇಗ ಆರಿತು. "ಖರೇನ ಎದ್ದೈತೇನು?"

"ಎದ್ದೈತಿ."

"ನನ್ನ ಮಗಳಿಗೆ ತಿಂಗಳು ತುಂಬ್ಯಾವ. ಇನ್ನ ಹದಿನೈದು ದಿನಾ ಅಂದಾಳ ಸೂಲಗಿತ್ತಿ. ದಾರೀನ ಆರು ದಿನದ್ದು."

ನಾನು ಜೋಳಿಗೆಯ ಬಾಯಿ ಕಟ್ಟಿದೆ. ಹೇಳಬೇಕಾದದ್ದನ್ನು ಕಲ್ಲು ಹೇಳುತ್ತಿದ್ದವು. ಅವಳು ಸುತ್ತಿನ ಈಚೆ ನಿಂತು, ಕತ್ತೆಯ ಕಿವಿ ತಿಕ್ಕಿ, ತಿರುಗಿಸಿಕೊಂಡು ಊರೊಳಗೆ ಹೋದಳು. ನಾನು ಹಿಂದೆ ಹಿಂದೆ ಹೋದೆ. ನಿಜ ಹೇಳಬೇಕೆಂದರೆ ಆ ನಡಿಗೆಯಲ್ಲಿ ನನ್ನ ಸೊಂಟ ನೋಯಲಿಲ್ಲ. ನಲವತ್ತು ದಿನ ಎಂದು ಎಣಿಸಿಕೊಂಡು, ಅರವತ್ತೆಂಟರ ಮುದುಕ ಹದಿನೆಂಟರವನ ಹಾಗೆ ಕಾಲು ಹಾಕಿದೆ.

ದಾವಲಬಿ ನಮ್ಮ ಅಂಗಳದಲ್ಲೇ ಹೇರು ಇಳಿಸಿದಳು. ನಮ್ಮ ಮನೆಯಲ್ಲಿ ಇದ್ದವರು ಇಬ್ಬರು, ನಾನು ಮತ್ತು ನಮ್ಮಕ್ಕ ಕಲ್ಲವ್ವ. ಅಕ್ಕನಿಗೆ ಆಗ ಎಪ್ಪತ್ತೈದು. ಹಲ್ಲು ಹೋಗಿದ್ದವು, ನಾಲಿಗೆ ಅಲ್ಲೇ ಇತ್ತು. ಮೊದಲ ದಿನ ನಾನೇ ರೊಟ್ಟಿ ತಟ್ಟೆ ಹಿಡಿದು ಅಂಗಳಕ್ಕೆ ಹೊರಟಾಗ ಅವಳು ಒಲೆಯ ಮುಂದಿಂದಲೇ, "ತಮ್ಮಾ, ನನ್ನ ಕೈಯಾಗಿನ ನೀರಿನ ತಂಬಿಗಿನೂ ಒಯ್ಯು. ಐವತ್ತು ವರ್ಷದಾಗ ನನಗ ಒಮ್ಮಿನೂ ತಂದುಕೊಟ್ಟಿಲ್ಲ, ರೂಢಿ ಆಗ್ಲಿ" ಅಂದಳು.

ದಾವಲಬಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಕಲಾಯಿ ಹಾಕಿದ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು. ಊರಲ್ಲಿ ಇನ್ನು ಹೊಳೆಯದ ಪಾತ್ರೆ ಉಳಿಯಲಿಲ್ಲ. ನಾನು ತಿದಿ ಒತ್ತುತ್ತೇನೆ ಅಂತ ಕುಳಿತು, ಎರಡೇ ಸಲ ಒತ್ತಿ ಮುಖದ ತುಂಬ ಬೂದಿ ಮಾಡಿಕೊಂಡೆ. ಅವಳು ನಕ್ಕಳು. ಬೂದಿ ಒರೆಸಿಕೊಳ್ಳದೆ ಸಂಜೆಯವರೆಗೆ ಹಾಗೇ ತಿರುಗಿದೆ. ಕಟ್ಟೆಯವರು ಕೇಳಿದರೆ, "ಕೆಲಸದಾಗ ಇದೆಲ್ಲ ಇರೋದ" ಅಂದೆ.

ಶುಕ್ರವಾರ ಬೆಳಿಗ್ಗೆ ಸುತ್ತುಗಳನ್ನು ನೋಡಿ ಬರಲು ಹೊರಟೆ. ಐದನೆಯ ದಿನಕ್ಕೆ ಮಿಣುಕಿ ನಾಲ್ಕು ಕವಲು ಒಡೆದಿರಬೇಕು. ಬೇರೆ ಕಡೆಯವು ಒಡೆದಿದ್ದವು. ಸಂದಿನದು ಇಟ್ಟಲ್ಲೇ ಇಟ್ಟ ಹಾಗೆ ಇತ್ತು. ಕಾಲು ಸುತ್ತಿನ ಹೊರಗೇ ಬಿಟ್ಟು ಬೋರಲು ಮಲಗಿ, ಕುತ್ತಿಗೆ ಚಾಚಿ, ಗಲ್ಲ ಮರಳಿಗೆ ಊರಿ ನೋಡಿದೆ. ಎಳೆಯ ತುದಿಗೆ ಗಂಟಿತ್ತು. ಗಿಡ ಗಂಟು ಹಾಕಿಕೊಳ್ಳುವುದಿಲ್ಲ. ದಾವಲಬಿ ಹೊದೆಯುವ ಕೆಂಪು ಕಂಬಳಿಯ ಅಂಚಿನ ಉಣ್ಣೆಯ ಎಳೆ ಅದು. ಬರುವಾಗ ಸಂದಿನಲ್ಲಿ ಸಿಕ್ಕಿ ಕಿತ್ತಿರಬೇಕು.

ಎದ್ದು, ಎದೆಯ ಮರಳು ಕೊಡವಿಕೊಂಡು, ಮನೆಗೆ ಬಂದು ರೊಟ್ಟಿ ತಿಂದೆ.

ಶನಿವಾರವೂ ತಿಂದೆ. ಭಾನುವಾರವೂ. ಹೇಳಿದರೆ ಏನಾಗುತ್ತದೆಂದು ಎಣಿಸಿದೆ. ಕಲ್ಲಿನ ಜೋಳಿಗೆ ಹೋಗುತ್ತದೆ. ಜೋಳಿಗೆ ಹೋದ ಮೇಲೆ ಉಳಿಯುವುದು ಬರೀ ಲಗಮಪ್ಪ, ಅವನಿಂದ ಯಾರಿಗೂ ಏನೂ ಆಗಬೇಕಾದದ್ದಿಲ್ಲ. ಹೇಳದಿದ್ದರೆ ಏನಾಗುತ್ತದೆಂದೂ ಎಣಿಸಿದೆ. ಆ ಎಣಿಕೆಯನ್ನು ಮಾತ್ರ ಪ್ರತಿ ಸಲ ಅರ್ಧಕ್ಕೆ ಬಿಡುತ್ತಿದ್ದೆ. ಯಾಕೆಂದರೆ ಅರ್ಧದಲ್ಲೇ ದಾವಲಬಿ ಅಂಗಳದಿಂದ, "ಅಣ್ಣಾ, ಉಂಡ್ಯೇನು?" ಅಂತ ಕೂಗುತ್ತಿದ್ದಳು.

ಸೋಮವಾರ ಸಂಜೆ ಅವಳು ಪಾತ್ರೆ ತಿಕ್ಕುತ್ತಿರಲಿಲ್ಲ. ಕಂಬಳಿ ಹೊದ್ದು, ಬೇಲಿಗೆ ಒರಗಿ, ಕೂಸಿನ ತಲೆಗೆ ಹಾಕುವ ಅಂಗೈಯಷ್ಟು ಒಂದು ಕುಲಾಯಿ ಹೊಲಿಯುತ್ತಿದ್ದಳು. ಹೊಲಿದು ಮುಗಿದಿತ್ತು. ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

"ಹೋದ ಸಲದ ಕೂಸು ನಿಲ್ಲಲಿಲ್ಲಣ್ಣಾ," ಅಂದಳು, ಸೂಜಿಯಿಂದ ಕಣ್ಣು ಎತ್ತದೆ. "ಮಗಳು ಎರಡು ದಿನ ನನ್ನ ಹೆಸರು ಹಿಡಿದು ಒದರಿದ್ಲಂತ. ನಾ ಯಾವುದೋ ಊರಾಗ ಯಾರದೋ ಹಂಡೇಕ ಕಲಾಯಿ ಹಾಕ್ತಿದ್ದೆ. ಈ ಸಲ ಏನ ಆದ್ರೂ ಬರ್ತೀನಿ ಅಂತ ಕೈಮುಟ್ಟಿ ಹೇಳೇನಿ." ಹಲ್ಲಿನಿಂದ ದಾರ ಕಡಿದಳು. "ನಾಳಿಗಿ ಹೊಂಟ್ರ ಮುಟ್ತೀನಿ. ನಾಡಿದ್ದು ಹೊಂಟ್ರ, ದೇವರ ಇಚ್ಛಾ. ಅದರಾಚೆ ಹೊಂಟ್ರೇನು, ಬಿಟ್ರೇನು."

"ನೀ ಸುತ್ತು ದಾಟಿ ಹೋದ್ರ ಯಾರು ಹಿಡೀತಾರ? ನೀ ಪರಊರಾಕಿ," ಅಂದೆ. ನನ್ನ ಬಾಯಿಂದ ಅಂಥ ಮಾತು ಹೇಗೆ ಬಂತೋ ನನಗೇ ತಿಳಿಯಲಿಲ್ಲ.

ಅವಳು ನನ್ನನ್ನು ನೋಡಿದಳು. "ಇಪ್ಪತ್ತು ವರ್ಷ ಈ ಊರ ಅನ್ನ ಉಂಡೇನಿ. ಮೊಮ್ಮಗನ್ನ ನೋಡಾಕ ಇನ್ನೊಂದು ಜೀವ ತುಳಿದು ಹೋಗ್ಲೇನು? ನಿನ್ನ ಕಣ್ಣು ನೋಡಿದ್ದು ಸುಳ್ಳಾಗೂದಿಲ್ಲ, ಬಿಡು."

ಮರುದಿನ ಮಂಗಳವಾರ, ಬಿಸಿಲು ಏರುವ ಮೊದಲೇ ಕಟ್ಟೆಗೆ ಹೋದೆ. ಊರ ಹಿರಿಯ ಬಾಳನಗೌಡ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಸುತ್ತ ಏಳೆಂಟು ಮಂದಿ. ಅಕ್ಕ ನೀರಿಗೆ ಹೊರಟವಳು ಕೊಡ ಸೊಂಟದಲ್ಲಿಟ್ಟುಕೊಂಡೇ ನಿಂತಳು. ನಾನು ರಾತ್ರಿಯೆಲ್ಲ ಮಾತು ಕೂಡಿಸಿಕೊಂಡು ಬಂದಿದ್ದೆ. ನಮ್ಮಪ್ಪನಿಂದ ಶುರುಮಾಡಿ, ಹೂವಿನ ಮಹಿಮೆ ಹೇಳಿ, ವಯಸ್ಸಿನ ದೋಷಕ್ಕೆ ಬಂದು, ಅಲ್ಲಿಂದ ನಿಧಾನಕ್ಕೆ ಇಳಿಯುವ ಲೆಕ್ಕ. ಬಾಯಿ ತೆರೆದಾಗ ಬಂದದ್ದು ಇಷ್ಟೇ: "ಸಂದಿನಾಗಿಂದು ಹೂವಲ್ಲ, ಕಂಬಳಿ ಎಳಿ. ನನಗ ಕಣ್ಣು ಕಾಣೂದಿಲ್ಲ."

ಆಕಾಶ ಬೀಳುತ್ತದೆಂದು ತಲೆ ತಗ್ಗಿಸಿ ನಿಂತೆ. ಬಾಳನಗೌಡ ಎಲೆಗೆ ಸುಣ್ಣ ಹಚ್ಚುವುದನ್ನು ಮುಗಿಸಿ, "ಗೊತ್ತೈತಿ" ಅಂದ.

"ಏನು ಗೊತ್ತೈತಿ?"

"ಕಣ್ಣು ಕಾಣೂದಿಲ್ಲಂತ. ಮೂರು ವರ್ಷ ಆತು. ಹೋದ ವರ್ಷ ನನ್ನ ತಲಬಾಗಲಕ್ಕ ಸುತ್ತು ಹಾಕಿದ್ಯಲ್ಲ, ಅದು ಒಣಮೆಣಸಿನಕಾಯಿ ತೊಟ್ಟು. ಎರಡನೇ ದಿನಕ್ಕ ನಮ್ಮ ಸೊಸಿ ನೋಡಿದ್ಲು. ನಲವತ್ತು ದಿನ ನಾ ಹಿತ್ತಲದಾಗಿಂದ ಎಮ್ಮಿ ಹಿಂದ ಹೊಕ್ಕು ಬಂದೇನಿ."

"ನಮ್ಮ ಅಂಗಳದ್ದು ಆಡಿನ ಕೂದಲಾ" ಅಂದ ಒಬ್ಬ. "ಗುಡಿ ಮುಂದಿಂದು ಕುಂಕುಮ ಬಿದ್ದ ಹುಲ್ಲುಕಡ್ಡಿ" ಅಂದ ಇನ್ನೊಬ್ಬ. ಒಬ್ಬೊಬ್ಬರೇ ನೆನಪು ಮಾಡಿಕೊಂಡು ಹೇಳತೊಡಗಿದರು. ನಗು ಶುರುವಾಯಿತು. ನಾನು ಮೂರು ವರ್ಷ ಕಟ್ಟೆಯ ಮೇಲೆ ಗತ್ತಿನಿಂದ ಕುಳಿತು ನೋಡಿದ್ದು, ಊರಿಗೆ ಊರೇ ಆಡಿನ ಕೂದಲಿಗೆ ಪ್ರದಕ್ಷಿಣೆ ಹಾಕುವುದನ್ನು.

"ಮತ್ತ ಹೇಳಲಿಲ್ಲ ಯಾಕ?" ಅಂದೆ.

"ಹೇಳಿದ್ರ ನಾಳೆ ಖರೇ ಹೂವಿನ ಸುತ್ತಿಗೂ ಯಾರು ನಿಲ್ತಿದ್ರು?" ಅಂದ ಗೌಡ. "ಹೂವು ನಮಗ್ಯಾರಿಗೆ ಕಾಣ್ತೈತಿ? ನಾವು ನಡಿಯೂದು ಕಲ್ಲು ನೋಡಿ. ಆದ್ರ ಇದು ಬ್ಯಾರೆ ಮಾತು, ಅಲ್ಲಿ ಒಂದು ಬಾಣಂತನ ನಿಂತೈತಿ. ನೀ ಇಟ್ಟ ಸುತ್ತು ನೀನ ತೆಗಿ. ಇವತ್ತ ತೆಗಿ. ಜೋಳಿಗಿ ಆಮ್ಯಾಲೆ ಮಾತಾಡೂಣು."

ಅಕ್ಕ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ತಮ್ಮಾ, ಒಂದು ಕೇಳ್ತೀನಿ. ತೊಟ್ಟು, ಕೂದಲಾ, ಅವೆಲ್ಲ ಕಣ್ಣಿನ ತಪ್ಪು. ಈ ಸಲದ್ದು ಕಣ್ಣಿಂದೋ, ಎದಿದೋ?"

ಕಟ್ಟೆ ಮತ್ತೆ ನಕ್ಕಿತು. ಅದು ನನಗೂ ಗೊತ್ತಿರಲಿಲ್ಲ, ಜೋಳಿಗೆ ಎತ್ತಿಕೊಂಡು ಸಂದಿನ ಕಡೆ ಹೊರಟೆ.

ಸಂದಿಗೆ ಅರ್ಧ ಊರೇ ಬಂತು. ಇಟ್ಟ ಸುತ್ತನ್ನು ನಲವತ್ತಕ್ಕೆ ಮೊದಲು ಎತ್ತುವುದನ್ನು ಯಾರೂ ನೋಡಿರಲಿಲ್ಲ. ಇಪ್ಪತ್ತು ಹೆಜ್ಜೆ ಹಿಂದೆ ನಿಂತರು. ದಾವಲಬಿ ಹೇರು ಬಿಗಿದ ಕತ್ತೆಯ ಹಗ್ಗ ಹಿಡಿದಿದ್ದಳು. ಅವಳಿಗೆ ವಿಷಯ ಹೇಳಿದಾಗ ಅವಳು ಬೈಯಲಿಲ್ಲ, ಕಂಬಳಿಯ ಅಂಚು ಎತ್ತಿ ಕಿತ್ತ ಜಾಗ ನೋಡಿಕೊಂಡು, "ನನ್ನ ಕಂಬಳಿನ ನನ್ನ ಹಿಡಿದಿತ್ತೇನು" ಅಂದಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಮಂಡಿಯೂರಿ ಕಲ್ಲು ಎತ್ತತೊಡಗಿದೆ. ಹನ್ನೊಂದೂ ಎತ್ತಿ ಜೋಳಿಗೆಗೆ ಹಾಕಿದೆ. ಆ ಎಳೆ ತೆಗೆಯಲೆಂದು ಮೂಗು ನೆಲಕ್ಕೆ ತಂದೆ. ಎಳೆಯಿಂದ ನಾಲ್ಕು ಬೆರಳು ಆಚೆ, ಎಡಬಂಡೆಯ ಬುಡದಲ್ಲಿ, ಎರಡು ಎಲೆ. ಎಳ್ಳಿನಷ್ಟು ಎಲೆ. ನಡುವಿನಿಂದ ಕೂದಲಿಗಿಂತ ತೆಳುವಾದ ಕೆಂಪು. ಗಂಟಿರಲಿಲ್ಲ. ಬೆರಳ ತುದಿ ತಾಗಿಸಿದೆ, ತಂಪಾಗಿತ್ತು, ಬಾಗಿ ಮತ್ತೆ ಎದ್ದಿತು. ಹುಟ್ಟಿ ಎರಡು ದಿನವಾಗಿರಬೇಕು. ಒಂದು ವಾರ ಯಾರೂ ತುಳಿಯದ ನೆಲ ಸಿಕ್ಕಿದ್ದೇ ತಡ, ಅದೂ ಎದ್ದುಬಿಟ್ಟಿತ್ತು. ನನ್ನ ಸುಳ್ಳು ಸುತ್ತಿನೊಳಗೆ ನಿಜದ ಮಿಣುಕಿ.

"ಏನೈತೋ ಲಗಮಪ್ಪಾ?" ಗೌಡನ ಕೂಗು.

ಇದೆ ಅಂದರೆ ಸಂದು ಮತ್ತೆ ಮುಚ್ಚುತ್ತದೆ. ಅವಳು ನಿಲ್ಲುತ್ತಾಳೆ, ನಿಂತೇ ನಿಲ್ಲುತ್ತಾಳೆ, ಜೀವ ತುಳಿಯುವವಳಲ್ಲ. ಇಲ್ಲ ಅಂದರೆ ಕತ್ತೆಯ ಗೊರಸು ಅದರ ಮೇಲೆ ಬೀಳುತ್ತದೆ. ಅಲ್ಲದೆ ಈಗ ತಾನೇ ಕಣ್ಣಿಲ್ಲ ಅಂದವನು ಮತ್ತೆ ಹೂ ಕಂಡೆ ಅಂದರೆ, ಮುದುಕ ಬಿಡಲೊಲ್ಲ ಅಂತ ಆಡಿಕೊಳ್ಳುವರು. ನಾನು ದೊಡ್ಡ ಯೋಚನೆಯ ಮನುಷ್ಯನಲ್ಲ. ಮೊಣಕಾಲು ನೋಯುತ್ತಿತ್ತು. ಕೈಯಲ್ಲಿದ್ದ ಉಣ್ಣೆಯ ಎಳೆಯನ್ನು ಎತ್ತಿ ಹಿಡಿದೆ.

"ಎಳಿನ. ಬ್ಯಾರೆ ಏನೂ ಇಲ್ಲ," ಅಂದೆ. ಅಂದು, ಬಂಡೆಗೆ ಬೆನ್ನು ಕೊಟ್ಟು ಅಲ್ಲೇ ಕುಳಿತೆ. ಬಲ ಅಂಗೈಯನ್ನು ಬೋಗುಣಿ ಮಾಡಿ ಅದರ ಮೇಲೆ ಬೋರಲು ಹಾಕಿದೆ.

"ಏಳು, ಹಾದಿ ಬಿಡು!"

"ಮೊಣಕಾಲು ಹಿಡಿದೈತಿ. ಬಲಕ್ಕ ಜಾಗಾ ಐತಿ, ಹೊಡಕೊಂಡು ಹೋಗ್ರಿ."

ದಾವಲಬಿ ಕತ್ತೆಯನ್ನು ಬಲಬಂಡೆಗೆ ಒತ್ತಿಸಿ ನಡೆಸಿದಳು. ಕತ್ತೆಗೆ ಮರ್ಯಾದೆ ಗೊತ್ತಿಲ್ಲ, ಹಿಂಗಾಲನ್ನು ನನ್ನ ಕಿರುಬೆರಳಿನ ಮೇಲೆ ಇಟ್ಟಿತು. ನಾನು ಕೈ ತೆಗೆಯಲಿಲ್ಲ. ಕಣ್ಣಲ್ಲಿ ನೀರು ಬಂತು. ಊರಿನವರು ಆ ನೀರಿಗೆ ತಮಗೆ ಬೇಕಾದ ಅರ್ಥ ಮಾಡಿಕೊಂಡರು. ಆ ಬೆರಳು ಇಂದಿಗೂ ಸೊಟ್ಟಗಿದೆ.

ಅವಳು ದಾಟಿ, ಎರಡು ಹೆಜ್ಜೆ ಹೋಗಿ, ತಿರುಗಿ ಬಂದಳು. ಬೋರಲಾಗಿದ್ದ ನನ್ನ ಕೈಯನ್ನು ನೋಡಿದಳು. ಮೈಮೇಲಿನ ಕೆಂಪು ಕಂಬಳಿ ತೆಗೆದು ನನ್ನ ಹೆಗಲಿಗೆ ಹೊದಿಸಿದಳು. "ಸಂದಿನಾಗ ಗಾಳಿ ಭಾಳ ಬರ್ತೈತಿ, ಅಣ್ಣಾ," ಅಂದಳು. ಆ ಅಣ್ಣಾ ಅನ್ನುವುದನ್ನು ಆವತ್ತಾದರೂ ಬಿಡಬಹುದಿತ್ತು. ಬಿಡಲಿಲ್ಲ. ಕತ್ತೆಯ ಗಂಟೆ ಮರಳಿನ ದಿಬ್ಬದಾಚೆ ಇಳಿಯುವವರೆಗೆ ಕೇಳಿಸುತ್ತಿತ್ತು.

ಆಮೇಲೆ ಊರು ನನ್ನನ್ನು ಎಬ್ಬಿಸಲು ನೋಡಿತು. ಏಳಲಿಲ್ಲ. ಕಲ್ಲಿನ ಜೋಳಿಗೆಯನ್ನು ಎಡಗೈಯಿಂದ ಗೌಡನ ಕಡೆಗೆ ತಳ್ಳಿದೆ, ತಗೊಂಡು ಹೋದರು. ನಾನು ಕುಳಿತೆ. ಸಂದಿನಲ್ಲಿ ಜನ, ದನ, ಉಪ್ಪಿನ ಕತ್ತೆಗಳು ನನ್ನ ಬಲಕ್ಕೆ ಸರಿದು ಹೋದವು. ಕಲ್ಲಿಡುವಂತಿರಲಿಲ್ಲ. ಇಟ್ಟರೆ ಸಂದು ಮುಚ್ಚುತ್ತದೆ, ಇಲ್ಲ ಅಂದದ್ದು ಸುಳ್ಳಾಗುತ್ತದೆ, ಅವಳ ಕಾಲಿಗೆ ಪಾಪ ಮೆತ್ತುತ್ತದೆ. ಹಾಗಾಗಿ ಹನ್ನೊಂದು ಕಲ್ಲಿನ ಬದಲು ಒಂದೇ ಕಲ್ಲು, ಅದೂ ಕೆಮ್ಮುವ ಕಲ್ಲು.

"ಕಲಾಯಿಯಾಕಿ ಹೋದ ದಾರಿ ಕಾಯಾಕತ್ತಾನ" ಅಂದಿತು ಊರು. "ಆಕಿ ಕಂಬಳಿ ಹೊದ್ದು ಕುಂತಾನ, ನೋಡ್ರಿ, ಮುದಿ ಮದುಮಗ." ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ದಾಟಿದರು. ಮಂಚದ ಸೋಮಾರಿ ಬಂದು, ಕೂರುವ ಭಂಗಿಯ ಬಗ್ಗೆ ಸಲಹೆ ಕೊಟ್ಟು ಹೋದ. ನಾನು ಅಲ್ಲ ಅನ್ನಲಿಲ್ಲ. ಅಲ್ಲ ಅನ್ನಬೇಕಾದರೆ ಕೈ ಎತ್ತಿ ತೋರಿಸಬೇಕು. ಮತ್ತೆ, ದಾರಿ ಕಾಯುತ್ತಿರಲಿಲ್ಲ ಅಂತ ಆಣೆ ಮಾಡಲೂ ನನ್ನಿಂದ ಆಗುತ್ತಿರಲಿಲ್ಲ.

ಅಕ್ಕ ದಿನಕ್ಕೆರಡು ಸಲ ರೊಟ್ಟಿ ತಂದು, ದಿನಕ್ಕೆರಡು ಸಲ ಬೈದು ಹೋಗುತ್ತಿದ್ದಳು. ನಾನು ರಾತ್ರಿಯೂ ಅಲ್ಲೇ ಇದ್ದುದರಿಂದ ಬೈಗುಳಕ್ಕೆ ಕೊರತೆ ಇರಲಿಲ್ಲ. ಹನ್ನೆರಡನೆಯ ದಿನ ಅವಳು ನೀರಿನ ತಂಬಿಗೆ ಇಡಲು ನನ್ನ ಎಡಕ್ಕೆ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಅಷ್ಟು ಹೊತ್ತಿಗೆ ಮಿಣುಕಿ ನನ್ನ ತೊಡೆಯ ಪಕ್ಕದಲ್ಲಿ ಎಂಟು ಕವಲು ಒಡೆದು, ಮೊದಲ ಬಿಳಿ ಕಣ್ಣು ಬಿಟ್ಟಿತ್ತು. ಎಪ್ಪತ್ತೈದರ ಅಕ್ಕನಿಗೆ ಕಾಣಿಸಿತು. ಅವಳು ತಂಬಿಗೆಯನ್ನು ಮೆಲ್ಲಗೆ ಎತ್ತಿ ನನ್ನ ಬಲಕ್ಕೆ ಇಟ್ಟಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಬೈಯುವುದನ್ನು ಮರೆತು ಊರ ಕಡೆ ನಡೆದಳು.

ಆವತ್ತಿನಿಂದ ಅವಳ ಬೈಗುಳ ಇಮ್ಮಡಿಯಾಯಿತು. ಯಾರಾದರೂ ಸಂದಿಗೆ ಬಂದರೆ ಸಾಕು, "ನೋಡ್ರಿ, ನೋಡ್ರಿ ಈ ಗಂಡಸಿನ ಮುಖಾ! ನಾಚಿಕಿ ಅನ್ನೂದು ಐತೇನು ಇದರಾಗ? ಮುಖಾ ನೋಡ್ರಿ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಎಲ್ಲರೂ ನನ್ನ ಮುಖ ನೋಡಿಕೊಂಡು ದಾಟಿದರು. ಒಬ್ಬರೂ ನೆಲ ನೋಡಲಿಲ್ಲ.

ಇಪ್ಪತ್ತೈದನೆಯ ದಿನ ಉಪ್ಪು ಮಾರುವವನೊಬ್ಬ ಕತ್ತೆಗಳೊಂದಿಗೆ ಬಂದ. ನನ್ನನ್ನು ದಾಟುತ್ತ ಕಂಬಳಿ ನೋಡಿ ನಿಂತ. "ಇದು ದಾವಲಬಿದಲ್ಲೇನು? ಆಕಿ ಮಗಳು ಹಡದ್ಲು. ಹೆಣ್ಣು. ಆಕಿ ಮುಟ್ಟಿದ ಮರುದಿನಾನ. ಅಡ್ಡಗೂಸಂತ, ಇಡೀ ದಿನ ಒದ್ದಾಡಿ ತಾಯಿಯ ಕೈಯಾಗ ಹಡದ್ಲು. ಇಬ್ಬರೂ ಉಳಿದಾರ." ಅವನು ಹೋದ ಮೇಲೆ ನಾನು ಹೂವಿಗೆ ಸುದ್ದಿ ಹೇಳಿದೆ. ಇಪ್ಪತ್ತೈದು ದಿನ ಒಂದೇ ಜಾಗದಲ್ಲಿ ಕುಳಿತವನು ಹೂವಿನ ಜೊತೆ ಮಾತಾಡುವುದು ದೊಡ್ಡದಲ್ಲ. ಅದು ಗುಲಾಬಿಗೆ ತಿರುಗಿತ್ತು.

ಮರುವರ್ಷ ಕಲಾಯಿಗೆ ಬೇರೆ ಯಾರೋ ಗಂಡಸು ಬಂದ. ಮೊಮ್ಮಗಳನ್ನು ಬಿಟ್ಟು ಅವಳು ಹೊರಡುವುದಿಲ್ಲವಂತೆ. ಅವನ ಕಲಾಯಿ ಆರು ತಿಂಗಳಿಗೆ ಬಿಟ್ಟಿತು. ಸುತ್ತು ಇಡುವ ಕೆಲಸಕ್ಕೆ ಗೌಡನ ಸೊಸೆಯೇ ನಿಂತಳು, ಮೆಣಸಿನಕಾಯಿ ತೊಟ್ಟು ಗುರುತಿಸಿದವಳು. ಆ ಸಲ ಸಂದಿನ ಎಡಬದಿಯಲ್ಲಿ ಒಂದಲ್ಲ, ಏಳು ಮಿಣುಕಿ ಎದ್ದವು. ಎಲ್ಲಿಂದ ಬಂದವೋ ಅಂತ ಊರು ಬೆರಗಾಯಿತು. ಅಕ್ಕ, "ಇವನು ಕುಂತ ಜಾಗಾ, ಬ್ಯಾರೆ ಏನು ಬೆಳೀತೈತಿ ಅಲ್ಲಿ" ಅಂದು ಮುಖ ತಿರುಗಿಸಿದಳು. ಈಗ ಅವಳೂ ಇಲ್ಲ. ಅವಳಿದ್ದಿದ್ದರೆ ಇದನ್ನು ನಾನು ಹೇಳಲು ಬಿಡುತ್ತಿರಲಿಲ್ಲ.

ಊರಲ್ಲಿ ಯಾರನ್ನು ಕೇಳಿದರೂ ದಾವಲಬಿ ಹೋದದ್ದು ಯಾವ ದಿನ ಎಂದು ಹೇಳುತ್ತಾರೆ, ಮಂಗಳವಾರ. ನನ್ನನ್ನು ಹಂಗಿಸಲು ಬಾಯಿಪಾಠ ಮಾಡಿಕೊಂಡಿದ್ದಾರೆ. ಅದಾಗಿ ಮೂವತ್ತೆಂಟನೆಯ ದಿನ, ಮಿಣುಕಿಗೆ ನಲವತ್ತು ತುಂಬಿದ ದಿನ, ಬೆಳಿಗ್ಗೆ ಪಡುವಣ ಗಾಳಿ ಎದ್ದಿತು. ತುಕ್ಕಿನ ಬಣ್ಣಕ್ಕೆ ತಿರುಗಿದ್ದ ಕಡ್ಡಿ ಬುಡದಲ್ಲಿ ಕಳಚಿ, ಒಂದು ಸಲ ನನ್ನ ಸೊಟ್ಟ ಬೆರಳಿಗೆ ತಾಗಿ, ಬೀಜ ಚೆಲ್ಲುತ್ತ ಅವಳು ಹೋದ ದಾರಿಯಲ್ಲೇ ಉರುಳಿಕೊಂಡು ಹೋಯಿತು. ನಾನು ಬಂಡೆ ಹಿಡಿದು ಎದ್ದೆ. ಆ ದಿನ ಯಾರಿಗೂ ನೆನಪಿಲ್ಲ. ಶುಕ್ರವಾರ.